ರಕ್ತದೊಳಗಿನ ಲೆಕ್ಕ: ಉಳಿಯಬೇಕಾದ ಕೋಶ, ಸಾಯಬೇಕಾದ ಕೋಶ

2021ರ ಬೇಸಿಗೆಯನ್ನು ಗಲ್ಫ್ ಕನ್ನಡಿಗರ ಕುಟುಂಬಗಳು ಮರೆತಿರಲಾರವು. ಏಪ್ರಿಲ್ 24ರ ಮಧ್ಯರಾತ್ರಿಯಿಂದ ಭಾರತದಿಂದ ಯುಎಇಗೆ ಬರುವ ಪ್ರಯಾಣಿಕರ ವಿಮಾನಗಳು ನಿಂತವು. ರಜೆಗೆಂದು ಊರಿಗೆ ಹೋದವರು ಅಲ್ಲೇ ಉಳಿದರು. ಇಲ್ಲಿದ್ದವರು ಊರಿನ ಸುದ್ದಿ ಕೇಳಿ ನಿದ್ದೆಗೆಟ್ಟರು. ಅದರ ನಡುವೆಯೇ ಮೇ 18ರಂದು ಇನ್ನೊಂದು ಪ್ರಕಟಣೆ ಬಂತು: ಸಿನೋಫಾರ್ಮ್ ಲಸಿಕೆಯ ಎರಡನೇ ಡೋಸ್ ಪಡೆದು ಆರು ತಿಂಗಳು ಕಳೆದವರಿಗೆ ಮೂರನೆಯದನ್ನೂ ಕೊಡಲಾಗುವುದು. ಅಬುಧಾಬಿಯಲ್ಲಂತೂ ಸೆಪ್ಟೆಂಬರ್ ಹೊತ್ತಿಗೆ ಆ ಬೂಸ್ಟರ್ ಇಲ್ಲದಿದ್ದರೆ ಅಲ್ ಹೊಸ್ನ್ ಆ್ಯಪ್‌ನಲ್ಲಿ ಹಸಿರು ಬಣ್ಣ ಬರುತ್ತಿರಲಿಲ್ಲ, ಮಾಲ್‌ನ ಬಾಗಿಲು ದಾಟುವಂತಿರಲಿಲ್ಲ.

ಆಗ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಪ್ರಶ್ನೆ. ಎರಡು ಸೂಜಿ ಚುಚ್ಚಿಸಿಕೊಂಡ ಮೇಲೂ ಶಕ್ತಿ ಇಳಿದು ಹೋಗುವುದೆಂದರೇನು? ಕೆಲವರು ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ ಬಂದು ‘ನನಗೆ ಇಷ್ಟಿದೆ, ನಿನಗೆಷ್ಟು’ ಎಂದು ಹೋಲಿಸಿಕೊಂಡರು. ಸಂಖ್ಯೆ ಕಡಿಮೆ ಬಂದವರು ಹೆದರಿದರು, ಹೆಚ್ಚು ಬಂದವರು ಮಾಸ್ಕ್ ಸಡಿಲಿಸಿದರು. ಆ ದಿನಗಳು ಕಳೆದವು. ಆದರೆ ‘ಇಮ್ಯುನಿಟಿ ಹೆಚ್ಚಿದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಮಾತ್ರ ಉಳಿದುಕೊಂಡಿದೆ. ಊರಿನಿಂದ ಬರುವ ಪಾರ್ಸೆಲ್‌ನಲ್ಲಿ ಕಷಾಯದ ಪುಡಿ ಬರುತ್ತದೆ, ಇಲ್ಲಿನ ಸೂಪರ್ ಮಾರ್ಕೆಟ್ ಕಪಾಟಿನಲ್ಲಿ ಅದೇ ಹೆಸರಿನ ಗುಳಿಗೆಗಳ ಸಾಲು.

ನಾನು ವೈದ್ಯನಲ್ಲ, ಲೆಕ್ಕ ನೋಡುವುದು ನನ್ನ ಕಸುಬು. ಆದರೆ ರೋಗನಿರೋಧಕ ವ್ಯವಸ್ಥೆಯ ಬಗ್ಗೆ ವಿಜ್ಞಾನಿಗಳು ಬರೆದದ್ದನ್ನು ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಲ್ಲಿ ನಡೆಯುವುದು ಬರೀ ಕೂಡಿಸುವ ಲೆಕ್ಕವಲ್ಲ. ಹುಟ್ಟುವ ಕೋಶಗಳಲ್ಲಿ ಹೆಚ್ಚಿನವು ಸಾಯಬೇಕು, ಅದೂ ಸರಿಯಾದ ಹೊತ್ತಿಗೆ ಸಾಯಬೇಕು. ಆ ಸಾವು ತಪ್ಪಿದರೆ ಲೂಪಸ್‌ನಂಥ ಕಾಯಿಲೆ, ಇಲ್ಲವೇ ಕ್ಯಾನ್ಸರ್. ಸಾವು ಅತಿಯಾದರೆ ಸಣ್ಣ ಸೋಂಕೂ ಪ್ರಾಣಕ್ಕೆ ಅಪಾಯ.

ಕೋಳಿಯಿಂದ ಬಂದ ಹೆಸರು

ನಮ್ಮ ರಕ್ತದಲ್ಲಿ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ತಯಾರಿಸುವ ಬಿಳಿ ರಕ್ತಕಣಗಳಿಗೆ ‘ಬಿ ಕೋಶ’ ಎಂದು ಹೆಸರು. ಈ ‘ಬಿ’ ಬಂದದ್ದು ಕೋಳಿಯಿಂದ. ಕೋಳಿಯ ಹಿಂಭಾಗದಲ್ಲಿ ‘ಬರ್ಸಾ’ ಎಂಬ ಪುಟ್ಟ ಚೀಲವಿದೆ. ಅಮೆರಿಕದ ಓಹಿಯೊದಲ್ಲಿ ಬ್ರೂಸ್ ಗ್ಲಿಕ್ ಎಂಬ ಸಂಶೋಧಕ ಮರಿಗಳಿದ್ದಾಗಲೇ ಆ ಚೀಲ ತೆಗೆದುಹಾಕಿದ್ದ ಕೋಳಿಗಳನ್ನು ಅವರ ಸಹಪಾಠಿಯೊಬ್ಬರು ಪಾಠಕ್ಕೆಂದು ಪಡೆದು ಬ್ಯಾಕ್ಟೀರಿಯಾ ಚುಚ್ಚಿ ನೋಡಿದಾಗ ಅವುಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. 1956ರಲ್ಲಿ ಆ ಫಲಿತಾಂಶ ಅಚ್ಚಾದದ್ದು ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ. ಅದರ ಮಹತ್ವ ವೈದ್ಯಲೋಕಕ್ಕೆ ತಿಳಿಯಲು ಸುಮಾರು ಹತ್ತು ವರ್ಷ ಹಿಡಿಯಿತು.

ಮನುಷ್ಯರಲ್ಲಿ ಬರ್ಸಾ ಇಲ್ಲ. ನಮ್ಮ ಬಿ ಕೋಶಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ, ದಿನವೂ ಕೋಟಿಗಟ್ಟಲೆ. ಪ್ರತಿಯೊಂದು ಕೋಶವೂ ತನ್ನ ಮೈಮೇಲೆ ಒಂದು ವಿಶಿಷ್ಟ ಗ್ರಾಹಕವನ್ನು ಹೊತ್ತಿರುತ್ತದೆ. ಅದನ್ನು ಕೊಕ್ಕೆ ಎಂದುಕೊಳ್ಳಿ. ಯಾವ ಕೊಕ್ಕೆಗೆ ಯಾವ ರೋಗಾಣು ಸಿಗುವುದೋ ಮೊದಲೇ ಗೊತ್ತಿಲ್ಲ. ಆದ್ದರಿಂದ ದೇಹ ಜೀನ್‌ಗಳ ತುಣುಕುಗಳನ್ನು ಇಸ್ಪೀಟಿನ ಎಲೆಯಂತೆ ಕಲೆಸಿ ಸಾಧ್ಯವಿದ್ದಷ್ಟೂ ಬಗೆಯ ಕೊಕ್ಕೆಗಳನ್ನು ತಯಾರಿಸುತ್ತದೆ. ಇದುವರೆಗೆ ಲೋಕದಲ್ಲೇ ಇಲ್ಲದ ರೋಗಾಣು ಬಂದರೂ ಎಲ್ಲೋ ಒಂದು ಕೊಕ್ಕೆ ಅದಕ್ಕೆ ಹೊಂದುತ್ತದೆ.

ಆದರೆ ಹೀಗೆ ಕುರುಡಾಗಿ ತಯಾರಿಸಿದಾಗ ಸ್ವಂತ ದೇಹವನ್ನೇ ಹಿಡಿಯುವ ಕೊಕ್ಕೆಗಳೂ ಹುಟ್ಟುತ್ತವೆ. ಅವು ಎಷ್ಟೆಂದರೆ, ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರ ಮಜ್ಜೆಯಲ್ಲಿ ಹೊಸದಾಗಿ ಹುಟ್ಟಿದ ಬಿ ಕೋಶಗಳ ಪೈಕಿ ಶೇ 55ರಿಂದ 75ರಷ್ಟು ತಮ್ಮದೇ ದೇಹದ ಅಂಶಗಳಿಗೆ ಅಂಟಿಕೊಳ್ಳುವಂಥವು. ಅಂದರೆ ಅರ್ಧಕ್ಕಿಂತ ಹೆಚ್ಚು! ಅವೆಲ್ಲ ಹಾಗೇ ಹೊರಬಂದರೆ ಯಾರೂ ಆರೋಗ್ಯವಾಗಿ ಇರುವಂತಿಲ್ಲ.

ಮೊದಲ ಪರೀಕ್ಷೆ ಮಜ್ಜೆಯಲ್ಲೇ

ಹಾಗಾಗಿ ಮೊದಲ ತಪಾಸಣೆ ಹುಟ್ಟಿದ ಜಾಗದಲ್ಲೇ ನಡೆಯುತ್ತದೆ. ಎಳೆಯ ಬಿ ಕೋಶ ಮಜ್ಜೆಯೊಳಗೇ ಸ್ವಂತ ದೇಹದ ಅಂಶವನ್ನು ಬಿಗಿಯಾಗಿ ಹಿಡಿದುಕೊಂಡರೆ ಅದಕ್ಕೆ ತಿದ್ದಿಕೊಳ್ಳಲು ಒಂದು ಅವಕಾಶ ಸಿಗುತ್ತದೆ. ಕೊಕ್ಕೆಯ ಒಂದು ಭಾಗವನ್ನು ಕಳಚಿ ಹೊಸದನ್ನು ಜೋಡಿಸಿಕೊಳ್ಳಬಹುದು. ತಿದ್ದಿದರೂ ಸರಿಹೋಗದಿದ್ದರೆ ಆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಈ ಸಾವಿಗೆ ವಿಜ್ಞಾನಿಗಳು ‘ಅಪಾಪ್ಟೋಸಿಸ್’ ಎನ್ನುತ್ತಾರೆ. ಗಾಯದಲ್ಲಿ ಕೋಶ ಒಡೆದು ಸುತ್ತಲೂ ಉರಿಯೂತ ಎಬ್ಬಿಸಿದಂತೆ ಅಲ್ಲ ಇದು. ಕೋಶ ಒಳಗಿನಿಂದಲೇ ಅಚ್ಚುಕಟ್ಟಾಗಿ ತುಂಡುತುಂಡಾಗುತ್ತದೆ, ಪಕ್ಕದಲ್ಲಿರುವ ಭಕ್ಷಕ ಕೋಶಗಳು ಆ ತುಂಡುಗಳನ್ನು ನುಂಗಿ ಜಾಗ ತೆರವು ಮಾಡುತ್ತವೆ.

ಸ್ವಂತ ದೇಹವನ್ನು ತುಸು ಸಡಿಲವಾಗಿ ಹಿಡಿಯುವ ಕೋಶಗಳನ್ನು ಕೊಲ್ಲದೆ ಮಂಕಾಗಿಸಿ ಬಿಡುವುದೂ ಉಂಟು. ಅವು ಜೀವಂತ ಇರುತ್ತವೆ, ಆದರೆ ಕೆರಳುವುದಿಲ್ಲ. ಅಂಥವುಗಳ ಆಯುಷ್ಯವೂ ಕಡಿಮೆ. ಅದು ಏಕೆಂಬುದು ಮುಂದಿನ ಹಂತದಲ್ಲಿ ತಿಳಿಯುತ್ತದೆ.

ಎಲ್ಲರಿಗೂ ಸಾಲದ ಪಡಿತರ

ಮಜ್ಜೆ ದಾಟಿ ರಕ್ತಕ್ಕೆ ಬಂದ ಬಿ ಕೋಶಕ್ಕೆ ಬದುಕು ಹಕ್ಕಿನಿಂದ ಬರುವುದಿಲ್ಲ, ದಿನದಿನವೂ ಗಳಿಸಿಕೊಳ್ಳಬೇಕು. ಅದಕ್ಕೆ ಎರಡು ಸಂಕೇತಗಳು ತಪ್ಪದೆ ಸಿಗುತ್ತಿರಬೇಕು.

ಮೊದಲನೆಯದು ತನ್ನದೇ ಕೊಕ್ಕೆಯಿಂದ ಬರುವ ಮಂದ ಸಂಕೇತ. ‘ನಾನಿನ್ನೂ ಕೆಲಸಕ್ಕೆ ಬರುತ್ತೇನೆ’ ಎಂಬ ಹಾಜರಿಯಂತೆ ಅದು. 1997ರಲ್ಲಿ ಜರ್ಮನಿಯ ಕ್ಲಾಸ್ ರಾಯೆವ್ಸ್ಕಿ ಅವರ ತಂಡ ಇಲಿಗಳ ಬಿ ಕೋಶಗಳಿಂದ ಆ ಕೊಕ್ಕೆಯನ್ನು ಕಳಚಿ ನೋಡಿತು. ಬೇರೇನೂ ಕೆಡಿಸದಿದ್ದರೂ ಕೆಲವೇ ದಿನಗಳಲ್ಲಿ ಆ ಕೋಶಗಳು ಸತ್ತವು.

ಎರಡನೆಯದು ಹೊರಗಿನಿಂದ ಬರುವ ‘ಬ್ಯಾಫ್’ ಎಂಬ ಪ್ರೋಟೀನು. ಇದನ್ನು ಗುರುತಿಸಿದ್ದು 1999ರಲ್ಲಿ. ದೇಹ ಇದನ್ನು ಅಳತೆ ಮಾಡಿ ಕೊಡುತ್ತದೆ. ನ್ಯಾಯಬೆಲೆ ಅಂಗಡಿಗೆ ಬಂದ ಅಕ್ಕಿಯಂತೆ, ಸರದಿಯಲ್ಲಿ ನಿಂತ ಎಲ್ಲರಿಗೂ ಸಾಲುವಷ್ಟು ಇರುವುದಿಲ್ಲ. ಸಿಕ್ಕಿದ ಕೋಶ ಬದುಕುತ್ತದೆ, ಸಿಗದ್ದು ಸಾಯುತ್ತದೆ. ಒಟ್ಟು ಬಿ ಕೋಶಗಳ ಸಂಖ್ಯೆ ಮಿತಿ ಮೀರದಂತೆ ಕಾಯುವುದು ಹೀಗೆ. ಸ್ವಂತ ದೇಹವನ್ನು ಹಿಡಿಯುವ ಸ್ವಭಾವದ ಮಂಕು ಕೋಶಗಳಿಗೆ ಬದುಕಲು ಬ್ಯಾಫ್ ಹೆಚ್ಚು ಬೇಕು, ಪೈಪೋಟಿಯಲ್ಲಿ ಅದು ಸಿಗುವುದಿಲ್ಲ, ಹಾಗಾಗಿ ಅವು ಬೇಗ ಮುಗಿಯುತ್ತವೆ. ಬ್ಯಾಫ್ ಅತಿಯಾಗಿ ಸುರಿದರೆ ಏನಾದೀತು? ಸಾಯಬೇಕಾದ ಆ ಕೋಶಗಳೂ ಉಳಿದುಕೊಳ್ಳುತ್ತವೆ. ಬ್ಯಾಫ್ ಹೆಚ್ಚಾಗುವಂತೆ ಬೆಳೆಸಿದ ಇಲಿಗಳಲ್ಲಿ ಲೂಪಸ್ ಹೋಲುವ ಕಾಯಿಲೆಯೇ ಕಾಣಿಸಿಕೊಂಡಿತು. ‘ಹೆಚ್ಚಿದಷ್ಟೂ ಒಳ್ಳೆಯದು’ ಎನ್ನುವವರು ನೆನಪಿಡಬೇಕಾದ ಪ್ರಯೋಗವಿದು.

ಈ ಸಂಕೇತಗಳೇ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 1952ರಲ್ಲಿ ಅಮೆರಿಕದ ಸೇನಾ ವೈದ್ಯ ಆಗ್ಡೆನ್ ಬ್ರೂಟನ್ ಪದೇಪದೇ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಹುಡುಗನೊಬ್ಬನ ರಕ್ತದಲ್ಲಿ ಪ್ರತಿಕಾಯಗಳೇ ಇಲ್ಲವೆಂದು ಕಂಡುಕೊಂಡರು. ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ತಿಂಗಳಿಗೊಮ್ಮೆ ಚುಚ್ಚತೊಡಗಿದ ಮೇಲೆ ಹುಡುಗ ಚೇತರಿಸಿಕೊಂಡ. ಕಾರಣವಾದ ಜೀನ್ ಸಿಕ್ಕಿದ್ದು 1993ರಲ್ಲಿ. ಬಿ ಕೋಶದ ಕೊಕ್ಕೆಯಿಂದ ಬರುವ ಸಂಕೇತವನ್ನು ಒಳಕ್ಕೆ ಮುಟ್ಟಿಸುವ ಆ ಪ್ರೋಟೀನಿಗೆ ಬ್ರೂಟನ್ ಹೆಸರನ್ನೇ ಇಟ್ಟಿದ್ದಾರೆ.

ಕತ್ತಿನ ಗಂಟಿನೊಳಗಿನ ಕಣ

ಗಂಟಲು ಕೆಟ್ಟಾಗ ಕತ್ತಿನಲ್ಲಿ, ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಂಟು ಊದಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಲಸಿಕೆ ಹಾಕಿಸಿಕೊಂಡ ಮರುದಿನ ಕಂಕುಳಲ್ಲಿ ನೋವಾಗುವುದೂ ಇದೇ ಕಾರಣಕ್ಕೆ. ಅವು ದುಗ್ಧಗ್ರಂಥಿಗಳು. ಬಿ ಕೋಶಗಳ ಅತ್ಯಂತ ಬಿರುಸಿನ ಆಯ್ಕೆ ನಡೆಯುವುದು ಅದರೊಳಗೆ.

ರೋಗಾಣುವನ್ನು ಹಿಡಿದ ಬಿ ಕೋಶ ಒಂಟಿಯಾಗಿ ಮುಂದುವರಿಯುವಂತಿಲ್ಲ. ‘ಟಿ ಕೋಶ’ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಸಾಮಾನ್ಯವಾಗಿ ಆ ಎರಡನೇ ಸಹಿ ಬೀಳದ ಬಿ ಕೋಶ ಸಾಯುತ್ತದೆ. ಬ್ಯಾಂಕಿನಲ್ಲಿ ದೊಡ್ಡ ಮೊತ್ತದ ಚೆಕ್‌ಗೆ ಇಬ್ಬರ ಸಹಿ ಬೇಕಾದಂತೆ ಇದು. ಒಬ್ಬನೇ ತಪ್ಪು ಮಾಡಿದರೆ ನಷ್ಟವಾಗದಿರಲಿ ಎಂಬ ಎಚ್ಚರ.

ಒಪ್ಪಿಗೆ ಸಿಕ್ಕ ಕೋಶಗಳು ಭರದಿಂದ ಎರಡಾಗಿ, ನಾಲ್ಕಾಗಿ ಹೆಚ್ಚುತ್ತವೆ. ಹಾಗೆ ಹೆಚ್ಚುವಾಗ ಕೊಕ್ಕೆಯ ಜೀನ್‌ಗಳಲ್ಲಿ ಬೇಕೆಂದೇ ಸಣ್ಣಸಣ್ಣ ಬದಲಾವಣೆ ಮಾಡಿಕೊಳ್ಳುತ್ತವೆ. ಕೆಲವು ಕೊಕ್ಕೆ ಮೊದಲಿಗಿಂತ ಬಿಗಿಯಾಗಿ ರೋಗಾಣುವನ್ನು ಹಿಡಿಯುತ್ತವೆ, ಹಲವು ಕೆಡುತ್ತವೆ. ಚೆನ್ನಾಗಿ ಹಿಡಿದವುಗಳಿಗೆ ಮತ್ತೆ ಟಿ ಕೋಶದ ಒಪ್ಪಿಗೆ, ಉಳಿದವುಗಳಿಗೆ ಸಾವು. 2017ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರ ಪ್ರಕಾರ ಈ ಕಣದಲ್ಲಿರುವ ಬಿ ಕೋಶಗಳಲ್ಲಿ ಅರ್ಧದಷ್ಟು ಪ್ರತಿ ಆರು ಗಂಟೆಗೊಮ್ಮೆ ಸಾಯುತ್ತವೆ. ಬೆಳಗಿನ ಶಿಫ್ಟ್ ಮುಗಿಯುವುದರೊಳಗೆ ಅರ್ಧ ಜನ ಖಾಲಿ! ಆದರೆ ಕೊನೆಗೆ ಉಳಿಯುವ ಕೆಲವೇ ಕೋಶಗಳ ಹಿಡಿತ ಮೊದಲಿನದಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ನಮ್ಮ ಲಸಿಕೆಗಳು ಕೆಲಸ ಮಾಡುವುದು ಈ ಸಾವುಗಳ ಬಲದಿಂದಲೇ.

ಆ್ಯಂಟಿಬಾಡಿ ಇಳಿದರೆ ಶಕ್ತಿ ಹೋಯಿತೇ?

ಈಗ 2021ರ ಪ್ರಶ್ನೆಗೆ ಬರೋಣ. ದುಗ್ಧಗ್ರಂಥಿಯ ಆಯ್ಕೆಯಲ್ಲಿ ಗೆದ್ದ ಬಿ ಕೋಶಗಳು ಎರಡು ದಾರಿ ಹಿಡಿಯುತ್ತವೆ. ಒಂದಷ್ಟು ‘ಪ್ಲಾಸ್ಮಾ ಕೋಶ’ಗಳಾಗಿ ಹಗಲೂ ರಾತ್ರಿ ಪ್ರತಿಕಾಯ ತಯಾರಿಸುತ್ತವೆ. ಇನ್ನೊಂದಷ್ಟು ‘ನೆನಪಿನ ಕೋಶ’ಗಳಾಗಿ ಸುಮ್ಮನೆ ಕಾಯುತ್ತವೆ.

ಪ್ಲಾಸ್ಮಾ ಕೋಶಗಳಲ್ಲಿ ಹೆಚ್ಚಿನವು ಅಲ್ಪಾಯುಷಿಗಳು, ಕೆಲವೇ ದಿನ ಅಥವಾ ವಾರಗಳಲ್ಲಿ ಸಾಯುತ್ತವೆ. ಲಸಿಕೆ ಪಡೆದ ಮೊದಲ ವಾರಗಳಲ್ಲಿ ಏರಿದ ಆ್ಯಂಟಿಬಾಡಿ ಸಂಖ್ಯೆ ಕೆಲವು ತಿಂಗಳಲ್ಲಿ ಇಳಿಯುವುದಕ್ಕೆ ಮುಖ್ಯ ಕಾರಣ ಇದೇ. ಇದು ದೋಷವಲ್ಲ. ಇದುವರೆಗೆ ಬಂದ ಪ್ರತಿಯೊಂದು ಶೀತ, ಜ್ವರ, ಲಸಿಕೆಯ ಪ್ಲಾಸ್ಮಾ ಕೋಶಗಳೂ ಸಾಯದೆ ಉಳಿದಿದ್ದರೆ ನಮ್ಮ ರಕ್ತ ಪ್ರತಿಕಾಯಗಳಿಂದಲೇ ಗಟ್ಟಿಯಾಗುತ್ತಿತ್ತು.

ಕೆಲವು ಪ್ಲಾಸ್ಮಾ ಕೋಶಗಳು ಮಾತ್ರ ಮಜ್ಜೆಗೆ ಮರಳಿ, ಅಲ್ಲಿ ಜಾಗ ಹಿಡಿದು, ಅಲ್ಲಿನ ಕೋಶಗಳು ಕೊಡುವ ಪೋಷಕ ಸಂಕೇತಗಳಿಂದ ವರ್ಷಗಟ್ಟಲೆ ಬದುಕುತ್ತವೆ. ಆ ಜಾಗವೂ ಸೀಮಿತ. ಯಾವ ರೋಗಾಣುವಿನ ವಿರುದ್ಧ ಎಷ್ಟು ಕೋಶಗಳಿಗೆ ಅಲ್ಲಿ ನೆಲೆ ಸಿಗುತ್ತದೆ ಎಂಬುದರ ಮೇಲೆ ರಕ್ಷಣೆಯ ಬಾಳಿಕೆ ನಿಂತಿದೆ. ಲೆಕ್ಕಪುಸ್ತಕದಲ್ಲಿ ಯಂತ್ರಕ್ಕೆ ಒಂದು ಸವಕಳಿ ದರ, ಕಟ್ಟಡಕ್ಕೆ ಇನ್ನೊಂದು ದರ ಇರುವಂತೆ ಇಲ್ಲೂ ಉಂಟು. ಅಮೆರಿಕದ ಆರೆಗಾನ್‌ನ ಸಂಶೋಧಕರು 45 ಜನರ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಧನುರ್ವಾಯುವಿನ ಪ್ರತಿಕಾಯ ಅರ್ಧಕ್ಕೆ ಇಳಿಯಲು 11 ವರ್ಷ, ಡಿಫ್ತೀರಿಯಾದ್ದಕ್ಕೆ 19 ವರ್ಷ ಬೇಕು. ದಡಾರದ್ದು ಅರ್ಧವಾಗಲು 200 ವರ್ಷಕ್ಕೂ ಹೆಚ್ಚು, ಅಂದರೆ ಆಯುಷ್ಯಪೂರ್ತಿ ಸಾಕು. ಹಾಗಾಗಿಯೇ ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಧನುರ್ವಾಯುವಿನ ಸೂಜಿ ಮಾತ್ರ ಆಗಾಗ ಬೇಕು.

ನೆನಪಿನ ಕೋಶಗಳ ತಾಳ್ಮೆ ಇನ್ನೂ ದೊಡ್ಡದು. 1918ರ ಮಹಾ ಇನ್‌ಫ್ಲುಯೆನ್ಜಾ ಬಂದಾಗ ಮಕ್ಕಳಾಗಿದ್ದ 32 ಮಂದಿಯನ್ನು 2008ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಪರೀಕ್ಷಿಸಿದಾಗ ಅವರ ವಯಸ್ಸು 91ರಿಂದ 101. ಎಲ್ಲರಲ್ಲೂ ಆ ವೈರಸ್ ವಿರುದ್ಧದ ಪ್ರತಿಕಾಯವಿತ್ತು. ಕೆಲವರ ರಕ್ತದಿಂದ, ಸುಮಾರು 90 ವರ್ಷಗಳ ಬಳಿಕವೂ ಅದನ್ನು ಗುರುತಿಸುವ ಬಿ ಕೋಶಗಳನ್ನೇ ಹೊರತೆಗೆಯಲಾಯಿತು.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಿಂದ ಬಂದು ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸ್‌ಗಳಿಗೆ ಇದು ಬೇರೊಂದು ರೀತಿಯಲ್ಲಿ ಪರಿಚಿತ. ಹೆಪಟೈಟಿಸ್ ಬಿ ಲಸಿಕೆಯ ನಂತರ ಅವರ ‘ಟೈಟರ್’ ನೋಡುತ್ತಾರೆ, ಅದು 10ನ್ನು ದಾಟಿರಬೇಕು. ಒಮ್ಮೆ ದಾಟಿದವರಲ್ಲಿ ವರ್ಷಗಳ ಬಳಿಕ ಸಂಖ್ಯೆ 10ಕ್ಕಿಂತ ಕೆಳಗಿಳಿದರೂ ಆರೋಗ್ಯವಂತರಿಗೆ ರಕ್ಷಣೆ ಉಳಿದೇ ಇರುತ್ತದೆ. ಆ ವೈರಸ್ ದೇಹದಲ್ಲಿ ಬೇರೂರಲು ವಾರಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ನೆನಪಿನ ಕೋಶಗಳು ಎದ್ದು ಪ್ರತಿಕಾಯ ತಯಾರಿಸಿರುತ್ತವೆ. ಕೊರೊನಾ ಹಾಗಲ್ಲ, ಅದು ಕೆಲವೇ ದಿನಗಳಲ್ಲಿ ಹಬ್ಬುತ್ತದೆ, ರೂಪವನ್ನೂ ಬದಲಿಸುತ್ತದೆ. ನೆನಪಿನ ಕೋಶಗಳು ತೀವ್ರ ಕಾಯಿಲೆಯಿಂದ ಕಾಪಾಡಬಲ್ಲವು, ಆದರೆ ಸೋಂಕನ್ನು ಬಾಗಿಲಲ್ಲೇ ತಡೆಯಲು ರಕ್ತದಲ್ಲಿ ಸಿದ್ಧ ಪ್ರತಿಕಾಯ ಬೇಕು. ಯುಎಇ ಮೂರನೇ ಡೋಸ್ ಕೊಟ್ಟದ್ದರ ಹಿಂದಿನ ತರ್ಕ ಇದು. ಸಂಖ್ಯೆ ಇಳಿದದ್ದು ನಿಜ. ‘ಶಕ್ತಿಯೇ ಹೋಯಿತು’ ಎಂದುಕೊಂಡದ್ದು ಮಾತ್ರ ತಪ್ಪು ಲೆಕ್ಕ.

ಸಾಯಬೇಕಾದ್ದು ಸಾಯದಿದ್ದಾಗ

ಸ್ವಂತ ದೇಹವನ್ನೇ ಗುರಿಯಾಗಿಸುವ ಬಿ ಕೋಶಗಳು ಎಲ್ಲ ಪರೀಕ್ಷೆಗಳನ್ನೂ ತಪ್ಪಿಸಿಕೊಂಡು ಉಳಿದರೆ ಬರುವ ಕಾಯಿಲೆಗಳಲ್ಲಿ ಲೂಪಸ್ ಮುಖ್ಯವಾದುದು. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಮಹಿಳೆಯರು, ಹೆಚ್ಚಾಗಿ ಮಕ್ಕಳನ್ನು ಹೆರುವ ವಯಸ್ಸಿನವರು. ಕೀಲುನೋವು, ವಿಪರೀತ ಸುಸ್ತು, ಕೂದಲು ಉದುರುವುದು, ಮೂಗಿನ ಎರಡೂ ಕಡೆ ಚಿಟ್ಟೆಯ ರೆಕ್ಕೆಯಂತೆ ಕೆಂಪು ಗುರುತು ಇದರ ಲಕ್ಷಣಗಳು. ನಿರ್ಲಕ್ಷಿಸಿದರೆ ಮೂತ್ರಪಿಂಡಕ್ಕೆ ಹಾನಿ.

ಗಲ್ಫ್‌ನಲ್ಲಿರುವವರು ಇದನ್ನು ಹೆಚ್ಚು ಗಮನಿಸಬೇಕು, ಏಕೆಂದರೆ ಲೂಪಸ್ ಇರುವವರಿಗೆ ಬಿಸಿಲೇ ಶತ್ರು. ಸೂರ್ಯನ ಅತಿನೇರಳೆ ಕಿರಣದಿಂದ ಚರ್ಮದ ಕೋಶಗಳು ಸಾಯುತ್ತವೆ, ಲೂಪಸ್‌ನಲ್ಲಿ ಆ ಸತ್ತ ಕೋಶಗಳ ತ್ಯಾಜ್ಯ ಬೇಗ ತೆರವಾಗದೆ ದಾರಿ ತಪ್ಪಿದ ಬಿ ಕೋಶಗಳನ್ನು ಇನ್ನಷ್ಟು ಕೆರಳಿಸುತ್ತದೆ. ಊರಿನಿಂದ ಬಂದ ಹೊಸತರಲ್ಲಿ ‘ಇಲ್ಲಿನ ಸೆಕೆಗೆ ಹೀಗಾಗುತ್ತದೆ’ ಎಂದು ಮುಖದ ಕೆಂಪನ್ನೂ ಸುಸ್ತನ್ನೂ ತಳ್ಳಿಹಾಕುವುದು ಸುಲಭ. ವಾರಗಳಾದರೂ ಹೋಗದಿದ್ದರೆ ವೈದ್ಯರನ್ನು ಕಾಣಬೇಕು.

ಬ್ಯಾಫ್ ಎಂಬ ಪಡಿತರದ ಕಥೆ ಇಲ್ಲಿ ಔಷಧವೂ ಆಯಿತು. ಬ್ಯಾಫ್ ಅನ್ನು ತಡೆಯುವ ಬೆಲಿಮುಮ್ಯಾಬ್ ಎಂಬ ಔಷಧಕ್ಕೆ 2011ರ ಮಾರ್ಚ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಲೂಪಸ್‌ಗೆ 50ಕ್ಕೂ ಹೆಚ್ಚು ವರ್ಷಗಳಲ್ಲಿ ಬಂದ ಮೊದಲ ಹೊಸ ಔಷಧ ಅದು.

ಇನ್ನೊಂದು ದಾರಿ ಕ್ಯಾನ್ಸರ್‌ನದು. ಫಾಲಿಕ್ಯುಲರ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್‌ನಲ್ಲಿ ಬಿ ಕೋಶದ 14ನೇ ಮತ್ತು 18ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆ. ಅದರಿಂದ ‘ಬಿಸಿಎಲ್-2’ ಎಂಬ ಪ್ರೋಟೀನು ನಿಲ್ಲದೆ ತಯಾರಾಗುತ್ತದೆ. ಕ್ಯಾನ್ಸರ್ ಎಂದರೆ ಕೋಶಗಳು ಅತಿಯಾಗಿ ಹೆಚ್ಚುವುದು ಎಂದೇ ಆಗ ಎಲ್ಲರೂ ತಿಳಿದಿದ್ದರು. ಆದರೆ 1988ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಡೇವಿಡ್ ವಾಕ್ಸ್, ಸೂಜನ್ ಕೋರಿ ಮತ್ತು ಜೆರ್ರಿ ಆ್ಯಡಮ್ಸ್ ಈ ಪ್ರೋಟೀನು ಕೋಶಗಳನ್ನು ಹೆಚ್ಚಿಸುವುದಿಲ್ಲ, ಅವು ಸಾಯದಂತೆ ತಡೆಯುತ್ತದೆ ಎಂದು ತೋರಿಸಿದರು. ಕೋಶ ಸಾಯುವುದನ್ನು ಮರೆತರೂ ಕ್ಯಾನ್ಸರ್‌ಗೆ ದಾರಿಯಾಗುತ್ತದೆ ಎಂದು ಅಂದು ಗೊತ್ತಾಯಿತು. ಆ ತಡೆಯನ್ನು ತೆಗೆದು ಕೋಶಕ್ಕೆ ಸಾವನ್ನು ನೆನಪಿಸುವ ಗುಳಿಗೆ ವೆನೆಟೋಕ್ಲ್ಯಾಕ್ಸ್. ಅದಕ್ಕೆ ಅನುಮತಿ ಸಿಕ್ಕಿದ್ದು 2016ರಲ್ಲಿ, ಸಂಶೋಧನೆಯಾಗಿ 28 ವರ್ಷಗಳ ಮೇಲೆ.

ಬೆಂಗಳೂರಿನಲ್ಲೂ ಸಿಗುವ ಚಿಕಿತ್ಸೆ

ದಾರಿ ತಪ್ಪಿದ ಬಿ ಕೋಶಗಳನ್ನು ಹೊರಗಿನಿಂದ ಕೊಲ್ಲುವ ಔಷಧಗಳಲ್ಲಿ ಮೊದಲನೆಯದು 1997ರಲ್ಲಿ ಬಂದ ರಿಟುಕ್ಸಿಮ್ಯಾಬ್. ಭಾರತದಲ್ಲಿ 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಅದರದೇ ರೂಪವನ್ನು ತಯಾರಿಸಿತು.

ಈಚಿನದು ಕಾರ್-ಟಿ ಚಿಕಿತ್ಸೆ. ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು, ಬಿ ಕೋಶಗಳ ಗುರುತು ಹಿಡಿಯುವ ಕೃತಕ ಕೊಕ್ಕೆಯನ್ನು ಜೋಡಿಸಿ ಮತ್ತೆ ದೇಹಕ್ಕೆ ಹಾಕುತ್ತಾರೆ. ಅವು ಬಿ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. 2017ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ಪಡೆದಾಗ ಇದಕ್ಕೆ ಇಟ್ಟ ಬೆಲೆ 4,75,000 ಡಾಲರ್. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್19 ಅದರ ಸುಮಾರು ಹತ್ತನೇ ಒಂದು ಭಾಗದ ವೆಚ್ಚದಲ್ಲಿ ಸಿಗುವಂತಾಯಿತು. 2023ರಲ್ಲಿ ಅನುಮತಿ ಪಡೆದ ಅದನ್ನು 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಲೋಕಾರ್ಪಣೆ ಮಾಡಿದರು. ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮೊದಲಾದವರು ಬೆಂಗಳೂರಿನಲ್ಲಿ ಕಟ್ಟಿದ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಎರಡನೇ ಚಿಕಿತ್ಸೆಯನ್ನು ಬಿಡುಗಡೆ ಮಾಡಿತು. ವಯಸ್ಕರ ಬಿ ಕೋಶದ ಲಿಂಫೋಮಾಕ್ಕೆ ಅದು. ಅಬುಧಾಬಿಯಲ್ಲೂ 2019ರಲ್ಲಿ ಸ್ಟೆಮ್ ಸೆಲ್ ಕೇಂದ್ರ ಆರಂಭವಾಗಿ ಅಸ್ಥಿಮಜ್ಜೆ ಕಸಿ ನಡೆಯುತ್ತಿದೆ. ಹಿಂದೆ ಇಂಥ ರೋಗಿಗಳು ಎಲ್ಲದಕ್ಕೂ ಪಶ್ಚಿಮದ ದೇಶಗಳತ್ತ ನೋಡಬೇಕಿತ್ತು.

ಲೂಪಸ್‌ಗೂ ಇದರಿಂದ ಆಸೆ ಹುಟ್ಟಿದೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ 20 ವರ್ಷದ ಯುವತಿಯೊಬ್ಬಳಿಗೆ ಕಾರ್-ಟಿ ಕೊಟ್ಟ ವರದಿ 2021ರಲ್ಲಿ ಬಂತು. 2022ರಲ್ಲಿ ಅದೇ ತಂಡ ಐವರು ಲೂಪಸ್ ರೋಗಿಗಳ ಚೇತರಿಕೆಯನ್ನು ವರದಿ ಮಾಡಿತು. ಅಚ್ಚರಿಯೆಂದರೆ, ಕೆಲವು ತಿಂಗಳಲ್ಲಿ ಅವರ ದೇಹದಲ್ಲಿ ಬಿ ಕೋಶಗಳು ಮರಳಿ ಹುಟ್ಟಿದರೂ ಕಾಯಿಲೆ ಮರಳಲಿಲ್ಲ. ಹಳೆಯ ಕೋಶಗಳೆಲ್ಲ ಹೋಗಿ, ಹೊಸದಾಗಿ ಹುಟ್ಟಿದವು ಮೊದಲಿನಿಂದ ಪರೀಕ್ಷೆ ಪಾಸಾಗಿ ಬಂದಿದ್ದವು. ಇದಿನ್ನೂ ಪ್ರಯೋಗದ ಹಂತದಲ್ಲಿದೆ. ಚಿಕಿತ್ಸೆಯ ಅಡ್ಡಪರಿಣಾಮಗಳೂ ಸಣ್ಣವಲ್ಲ. ಒಳ್ಳೆಯ ಬಿ ಕೋಶಗಳೂ ಸಾಯುವುದರಿಂದ ಕೆಲವರಿಗೆ ಪ್ರತಿಕಾಯವನ್ನು ಹೊರಗಿನಿಂದ ಕೊಡಬೇಕಾಗುತ್ತದೆ, 1952ರ ಆ ಹುಡುಗನಿಗೆ ಕೊಟ್ಟಂತೆ.

ಎರಡು ದೇಶಗಳ ನಡುವೆ ಓಡಾಡುವವರು ಗಮನಿಸಿ

• ಸುಮ್ಮನೆ ಆ್ಯಂಟಿಬಾಡಿ ಸಂಖ್ಯೆ ನೋಡಿ ಹೆದರುವುದೂ ಬೇಡ, ಧೈರ್ಯವಾಗಿರುವುದೂ ಬೇಡ. ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರು ಹೇಳಲಿ.

• ಲೂಪಸ್ ಇರುವವರು ‘ಇಮ್ಯುನಿಟಿ ಬೂಸ್ಟರ್’ ಎಂದು ಮಾರುವ ಯಾವುದನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆಯನ್ನು ಗುಣವಾಯಿತೆಂದು ತಾವಾಗಿ ನಿಲ್ಲಿಸಬಾರದು. 2020ರಲ್ಲಿ ಕೊರೊನಾ ಭಯಕ್ಕೆ ಜನ ಇದನ್ನು ಕೊಂಡಿಟ್ಟುಕೊಂಡಾಗ ನಿಜವಾದ ರೋಗಿಗಳು ಅಂಗಡಿ ಅಂಗಡಿ ಅಲೆಯಬೇಕಾಯಿತು. ರಜೆಗೆ ಹೋಗುವಾಗ ಸಾಕಷ್ಟು ದಿನಗಳಿಗೆ ಆಗುವಷ್ಟು ಗುಳಿಗೆ ಮತ್ತು ವೈದ್ಯರ ಚೀಟಿ ಜೊತೆಗಿರಲಿ.

• ರಿಟುಕ್ಸಿಮ್ಯಾಬ್‌ನಂಥ ಔಷಧ ಆರಂಭಿಸುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ದೇಹದಲ್ಲಿ ಅಡಗಿದ್ದ ವೈರಸ್ ಮತ್ತೆ ಎದ್ದು ಯಕೃತ್ತಿಗೆ ಹಾನಿ ಮಾಡಬಲ್ಲದು.

• ಬೇಕಾದ ಲಸಿಕೆಗಳನ್ನು ಆ ಔಷಧಕ್ಕೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಬಿ ಕೋಶಗಳೇ ಇಲ್ಲದಾಗ ಹಾಕಿದ ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಜೀವಂತ ವೈರಸ್ ಇರುವ ಲಸಿಕೆಗಳು ಆಗ ಅಪಾಯಕಾರಿ. ಹಜ್‌ಗೆ ಹೊರಡುವವರು ಮೆನಿಂಜೈಟಿಸ್ ಲಸಿಕೆ ಪಡೆಯುವಾಗ ತಾವು ಯಾವ ಔಷಧದಲ್ಲಿದ್ದೇವೆಂದು ತಿಳಿಸಬೇಕು.

• ನೋವಿಲ್ಲದ ಗಂಟು ಕತ್ತು, ಕಂಕುಳು, ತೊಡೆಸಂದಿಯಲ್ಲಿ ವಾರಗಳಾದರೂ ಕರಗದಿದ್ದರೆ, ಜೊತೆಗೆ ರಾತ್ರಿ ಮೈ ಬೆವರಿ ತೂಕ ಇಳಿಯುತ್ತಿದ್ದರೆ ‘ಊರಿಗೆ ಹೋದಾಗ ತೋರಿಸುತ್ತೇನೆ’ ಎಂದು ಮುಂದೂಡಬಾರದು. ರಜೆ ಕಡಿತವಾದೀತೆಂದು ಕಾರ್ಮಿಕ ಶಿಬಿರಗಳಲ್ಲಿ ಸುಮ್ಮನಿರುವ ತಮ್ಮಂದಿರಿಗೆ ಮನೆಯವರೇ ಫೋನಿನಲ್ಲಿ ಇದನ್ನು ಹೇಳಬೇಕು.

• ಡಿಸ್ಚಾರ್ಜ್ ಸಾರಾಂಶ, ಬಯಾಪ್ಸಿ ವರದಿ, ಔಷಧದ ಮೂಲ ಹೆಸರು ಮತ್ತು ಕೊನೆಯ ಡೋಸ್‌ನ ದಿನಾಂಕ ಕೈಚೀಲದಲ್ಲೇ ಇರಲಿ. ಅಂಗಡಿಯ ಬ್ರಾಂಡ್ ಹೆಸರು ದೇಶದಿಂದ ದೇಶಕ್ಕೆ ಬೇರೆ.

ವಿಮೆಯ ವಿಷಯ ನನ್ನ ಕಸುಬಿಗೆ ಹತ್ತಿರದ್ದು, ಹಾಗಾಗಿ ಎರಡು ಮಾತು. ಅಬುಧಾಬಿಯಲ್ಲಿ 2005ರ ಕಾನೂನು, ದುಬೈನಲ್ಲಿ 2013ರ ಕಾನೂನಿನಂತೆ ಆರೋಗ್ಯ ವಿಮೆ ಕಡ್ಡಾಯ. 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳ ಖಾಸಗಿ ನೌಕರರಿಗೂ ಅದು ವಿಸ್ತರಿಸಿದೆ. ಆದರೆ ದುಬೈನ ಮೂಲ ಯೋಜನೆಯ ವಾರ್ಷಿಕ ಮಿತಿ 1,50,000 ದಿರ್ಹಮ್. ಬಿ ಕೋಶದ ಕಾಯಿಲೆಗಳ ಚಿಕಿತ್ಸೆ ವರ್ಷಗಟ್ಟಲೆ ನಡೆಯುವಂಥದ್ದು. ಮೊದಲೇ ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಮುಂದೆ ಕ್ಲೇಮ್ ತಿರಸ್ಕಾರವಾಗುವ ಅಪಾಯವಿದೆ. ಪಾಲಿಸಿಯ ಮಿತಿ, ಕಾಯುವ ಅವಧಿ, ಊರಿನಲ್ಲಿ ಮಾಡಿಸುವ ಚಿಕಿತ್ಸೆಗೆ ಅನ್ವಯಿಸುತ್ತದೆಯೇ ಎಂಬ ಮೂರನ್ನು ಕಾಯಿಲೆ ಬರುವ ಮೊದಲೇ ಓದಿಕೊಳ್ಳಿ. ಊರಿನಲ್ಲಿರುವ ತಂದೆ ತಾಯಿಗೆ ಇಲ್ಲಿನ ಕಂಪನಿ ವಿಮೆ ಸಾಮಾನ್ಯವಾಗಿ ಆಗುವುದಿಲ್ಲ, ಅವರಿಗೆ ಅಲ್ಲೇ ಬೇರೆ ಪಾಲಿಸಿ ಬೇಕು.

ಇಮ್ಯುನಿಟಿ ಹೆಚ್ಚಿಸಿಕೊಳ್ಳಿ ಎಂದು ಯಾರಾದರೂ ಏನನ್ನಾದರೂ ಮಾರಲು ಬಂದರೆ ಒಂದು ಪ್ರಶ್ನೆ ಕೇಳಿ: ಯಾವ ಕೋಶವನ್ನು ಹೆಚ್ಚಿಸುತ್ತೀರಿ, ಯಾವುದನ್ನು ಸಾಯಲು ಬಿಡುತ್ತೀರಿ? ದೇಹ ಆ ಲೆಕ್ಕವನ್ನು ಪ್ರತಿ ಗಂಟೆಯೂ ಮಾಡುತ್ತಿದೆ. ಅದು ತಪ್ಪಿದಾಗ ಸರಿಪಡಿಸುವ ಔಷಧ ಈಗ ಇದೆ, ಸಕಾಲದಲ್ಲಿ ವೈದ್ಯರ ಬಳಿ ಹೋಗುವುದು ಮಾತ್ರ ನಮ್ಮ ಪಾಲಿನ ಕೆಲಸ.